ಕಂಬದಿಂದ ಮೇಜಿನವರೆಗೆ

ಮಂಗಳೂರಿನಲ್ಲಿ ಏಪ್ರಿಲ್ ಕೊನೆಯ ಸಂಜೆಗಳಲ್ಲಿ ಮೋಡ ಕಪ್ಪಾದರೆ ನಮ್ಮ ಮನೆಯಲ್ಲಿ ಓಡಾಟ ಶುರುವಾಗುತ್ತಿತ್ತು. ಅಮ್ಮ ಬಾಲ್ಕನಿಗೆ ಹೋಗಿ ಬಟ್ಟೆ ಎಳೆಯುತ್ತಿದ್ದರು. ನಾನು ಟಿ.ವಿ. ಪ್ಲಗ್ ತೆಗೆದು, ರೌಟರಿಗೆ ಹೊರಗಿನಿಂದ ಬರುವ ನೀಲಿ ವೈರನ್ನು ಕಿತ್ತು ದೂರ ಇಡುತ್ತಿದ್ದೆ. ಆಮೇಲೆ ಆಫೀಸಿಗೆ ಫೋನ್ ಮಾಡಿ ‘ಇಲ್ಲಿ ಗುಡುಗು, ಒಂದು ಗಂಟೆ ಬಿಟ್ಟು ಬರ್ತೇನೆ’ ಅಂತ ಹೇಳಬೇಕಿತ್ತು. ಬೆಂಗಳೂರಿನವರಿಗೆ ಇದು ಅರ್ಥ ಆಗುವುದು ಕಷ್ಟ. ಕರಾವಳಿಯ ಸಿಡಿಲು ನೋಡಿದವರಿಗೆ ಹೇಳುವುದೇ ಬೇಡ.

ಹೀಗೆ ಮಾಡುವುದಕ್ಕೆ ಕಾರಣ ಇತ್ತು. 2023ರ ಅಕ್ಟೋಬರಿನಲ್ಲಿ ಒಂದು ಸಂಜೆ ವೈರ್ ತೆಗೆಯಲು ಮರೆತಿದ್ದೆ. ಒಂದೇ ಸಿಡಿಲಿಗೆ ರೌಟರ್ ಹೋಯಿತು, ಆಫೀಸಿನ ಲ್ಯಾಪ್‌ಟಾಪಿನ ನೆಟ್‌ವರ್ಕ್ ಪೋರ್ಟೂ ಹೋಯಿತು. ಆ ನೀಲಿ ವೈರ್ ತಾಮ್ರದ್ದು. ನಮ್ಮ ಏರಿಯಾದ ಕೇಬಲ್‌ನವರು ಅದನ್ನು ಒಂದು ಟೆರೇಸಿನಿಂದ ಇನ್ನೊಂದು ಟೆರೇಸಿಗೆ, ನಡುವೆ ಎರಡು ತೆಂಗಿನ ಮರಕ್ಕೆ ಕಟ್ಟಿ ತಂದಿದ್ದರು. ಇಂಥ ವೈರ್ 100 ಮೀಟರಿಗಿಂತ ಉದ್ದ ಎಳೆದರೆ ಕೆಲಸ ಮಾಡುವುದಿಲ್ಲ. ಅದಕ್ಕೇ ನಡುನಡುವೆ ಯಾರದೋ ಟೆರೇಸಿನಲ್ಲಿ ಇಂಟರ್ನೆಟ್ಟನ್ನು ಮುಂದಿನ ವೈರಿಗೆ ದಾಟಿಸುವ ಒಂದು ಸ್ವಿಚ್ ಪೆಟ್ಟಿಗೆ, ಅದಕ್ಕೆ ಅವರದೇ ಮನೆಯ ಕರೆಂಟು. ಆ ಮನೆಯಲ್ಲಿ ಕರೆಂಟ್ ಹೋದರೆ ನಮ್ಮ ಇಂಟರ್ನೆಟ್ ಹೋಗುತ್ತಿತ್ತು. ಸಿಡಿಲಿಗೆ ಆ ಪೆಟ್ಟಿಗೆ ಸುಟ್ಟರೆ ಎರಡು ದಿನ ಎಲ್ಲರಿಗೂ ರಜೆ.

ನಾನು ಬೆಂಗಳೂರಿನ ಒಂದು ಕಂಪೆನಿಗೆ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. 2020ರಿಂದ ಹೀಗೇ. ತಮ್ಮ ಕುವೈತಿನಲ್ಲಿದ್ದಾನೆ. ಶುಕ್ರವಾರ ಅವನಿಗೆ ರಜೆ. ಅಲ್ಲಿ ಸಂಜೆ ಐದೂವರೆಗೆ, ಇಲ್ಲಿ ರಾತ್ರಿ ಎಂಟಕ್ಕೆ, ಅಮ್ಮನ ಜತೆ ವಿಡಿಯೋದಲ್ಲಿ ಮಾತಾಡುತ್ತಾನೆ. ಎಂಟು ಗಂಟೆ ಅಂದರೆ ಸುತ್ತಲಿನ ಮನೆಗಳೆಲ್ಲ ಟಿ.ವಿ., ಮೊಬೈಲ್ ಹಿಡಿದು ಕೂರುವ ಹೊತ್ತು. ಇಂಟರ್ನೆಟ್ ವೇಗದ ಲೆಕ್ಕದಲ್ಲಿ ನಾವು ದುಡ್ಡು ಕೊಡುತ್ತಿದ್ದದ್ದು 30 ಎಂಬಿಪಿಎಸ್‌ಗೆ. ಆ ಹೊತ್ತಿಗೆ ಸಿಗುತ್ತಿದ್ದದ್ದು 4. ಅಮ್ಮ ತಮ್ಮನ ನಿಂತುಹೋದ ಮುಖದ ಎದುರು ಕೂತು ‘ಕೇಳ್ತದಾ? ಕೇಳ್ತದಾ?’ ಅನ್ನುವುದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. 2024ರ ಏಪ್ರಿಲಿನಲ್ಲಿ ಫೈಬರ್, ಅಂದರೆ ತಾಮ್ರದ ಬದಲು ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಇಂಟರ್ನೆಟ್ ತರುವ ಕೇಬಲ್, ಹಾಕಿಸಲೇಬೇಕು ಅಂತ ಕೂತೆ.

ಕಂಪೆನಿಗೆ ಫೋನ್ ಮಾಡಿದಾಗ ಎಲ್ಲ ಸುಲಭ ಅನ್ನಿಸಿತು. ‘ನಿಮ್ಮ ರಸ್ತೆಯಲ್ಲಿ ಫೈಬರ್ ಇದೆ ಮೇಡಂ, ಮೂರು ದಿನದಲ್ಲಿ ಕನೆಕ್ಷನ್’ ಅಂದರು. ರಸ್ತೆಯಲ್ಲಿ ಇತ್ತು, ನಿಜ. ನಮ್ಮ ಗೇಟಿನಿಂದ 40 ಮೀಟರ್ ದೂರದ ಕಂಬದಲ್ಲಿ ಕಪ್ಪು ಪೆಟ್ಟಿಗೆ ಬಾಲ್ಕನಿಗೇ ಕಾಣುತ್ತಿತ್ತು. ಆ ಕಂಬದಿಂದ ನನ್ನ ಮೇಜಿಗೆ ಬರಲು ಅದಕ್ಕೆ ಮೂರೂವರೆ ತಿಂಗಳು ಬೇಕಾಯಿತು.

ನಮ್ಮದು ಬಿಜೈ ಕಡೆಯ ಹಳೆಯ ಕಟ್ಟಡ. ನಾಲ್ಕು ಮಹಡಿ, ಹನ್ನೆರಡು ಮನೆ. ನಾವಿರುವುದು ಮೂರನೇ ಮಹಡಿಯಲ್ಲಿ. ಅಸೋಸಿಯೇಷನ್ನಿನ ಸೆಕ್ರೆಟರಿ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಎಲ್ಲರೂ ಮಾಸ್ಟ್ರು ಅಂತಲೇ ಕರೆಯುವುದು. ಸಣ್ಣ ಅನುಮತಿ ಅಲ್ವಾ ಅಂತ ಅವರ ಬಾಗಿಲು ತಟ್ಟಿದೆ. ಅವರು ಒಂದೇ ಮಾತು ಹೇಳಿದರು.

‘ಹೊಸ ವೈರ್ ಆಗ್ಲಿಕ್ಕಿಲ್ಲ ಮಾರಾಯ್ರೆ. ಮೀಟಿಂಗಿನಲ್ಲೇ ಪಾಸ್ ಆಗಿದೆ.’

‘ಯಾಕೆ ಮಾಸ್ಟ್ರೆ?’

‘ಬನ್ನಿ, ತೋರಿಸ್ತೇನೆ.’

ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋದರು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಹಾಗಾಗಿ ಹಳೆಯ ಕಟ್ಟಡಗಳ ಟೆರೇಸಿನ ಮೇಲೆ ಇನ್ನೊಂದು ಶೀಟಿನ ಮಾಡು ಇರುವುದು ಮಾಮೂಲು. ನಮ್ಮಲ್ಲೂ ಉಂಟು. ಆ ಮಾಡಿನ ಕಂಬಗಳಿಗೆ ಸುತ್ತಿಕೊಂಡ ವೈರುಗಳನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು. ಯಾವುದಕ್ಕೆ ಜೀವ ಇದೆ, ಯಾವುದಕ್ಕೆ ಇಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷ ಹಿಂದೆ ಯಾವುದೋ ಕಂಪೆನಿಯವರು ಬಂದು ಟೆರೇಸಿನ ಅಂಚಿನಲ್ಲಿ ನಾಲ್ಕು ಕಡೆ ಡ್ರಿಲ್ ಮಾಡಿ, ತೂತು ಮುಚ್ಚದೆ ಹೋಗಿದ್ದರಂತೆ. ಆ ಮಳೆಗಾಲ ನಾಲ್ಕನೇ ಮಹಡಿಯ ಮನೆಯ ಮಲಗುವ ಕೋಣೆಗೆ ನೀರು ಇಳಿಯಿತು. ಗೋಡೆಯ ಕಲೆ ಇನ್ನೂ ಹಾಗೇ ಇತ್ತು. ರಿಪೇರಿಯ ಖರ್ಚು ಹನ್ನೆರಡು ಮನೆಯವರ ಮೇಲೆ ಬಿತ್ತು. ಕಂಪೆನಿಯವರು ಫೋನೇ ಎತ್ತಲಿಲ್ಲ.

ಅದನ್ನು ನೋಡಿದ ಮೇಲೆ ಮಾಸ್ಟ್ರ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಅವರು ಹೇಳಿದ್ದು ಸರಿಯೇ ಇತ್ತು. ಬೇಡ ಅನ್ನುವವರನ್ನು ಒಪ್ಪಿಸುವ ಕೆಲಸ ಅಲ್ಲ ಇದು, ಟೆರೇಸನ್ನು ಮುಟ್ಟದ ದಾರಿ ಹುಡುಕುವ ಕೆಲಸ ಅಂತ ಅನ್ನಿಸಿತು.

ದಾರಿ ಮೆಟ್ಟಿಲ ಪಕ್ಕದಲ್ಲೇ ಇತ್ತು. ಕರೆಂಟ್ ಮೀಟರಿನಿಂದ ಮೇಲೆ ಹೋಗುವ ಶಾಫ್ಟ್. ಪ್ರತಿ ಮಹಡಿಯಲ್ಲಿ ಅದಕ್ಕೊಂದು ಮರದ ಬಾಗಿಲು. ಬಣ್ಣ ಬಳಿದು ಬಳಿದು ಅಂಟಿಕೊಂಡಿದ್ದ ಬಾಗಿಲನ್ನು ನಮ್ಮ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದರು. ಒಂದು ಬದಿಯಲ್ಲಿ ಕರೆಂಟಿನ ಕೇಬಲ್. ಇನ್ನೊಂದು ಬದಿಯಲ್ಲಿ ಹಳೆಯ ಟೆಲಿಫೋನಿನ ಪೈಪು. ಅದರ ತುಂಬ ಸತ್ತ ತಾಮ್ರದ ವೈರು, ಒಂದು ಬೆರಳು ತೂರಿಸಲೂ ಜಾಗ ಇಲ್ಲ. ಪಕ್ಕದಲ್ಲಿ ಇನ್ನೊಂದು ಪೈಪಿಗೆ ಧಾರಾಳ ಜಾಗ ಇತ್ತು. ‘32 ಎಂ.ಎಂ. ಪಿವಿಸಿ ಪೈಪ್ ಕೆಳಗಿಂದ ಮೇಲಿನವರೆಗೆ ಹಾಕುವಾ. ಒಂದೊಂದು ಮಹಡಿಗೆ ಒಂದೊಂದು ಬಾಕ್ಸ್ ಇಡುವಾ. ಆಮೇಲೆ ಯಾರಿಗೆ ಬೇಕಾದ್ರೂ ಎಳೀಬಹುದು’ ಅಂದರು. ಇಷ್ಟು ಸರಳ ವಿಷಯ ಮೂವತ್ತು ವರ್ಷ ಯಾರ ತಲೆಗೂ ಹೋಗಿರಲಿಲ್ಲ. ಕಟ್ಟಡ ಕಟ್ಟಿದಾಗ ಇಂಟರ್ನೆಟ್ ಅನ್ನುವುದೇ ಮನೆಗಳಲ್ಲಿ ಇರಲಿಲ್ಲವಲ್ಲ.

ನಾನು ಒಂದು ಹಾಳೆಯಲ್ಲಿ ಕಟ್ಟಡದ ಚಿತ್ರ ಬಿಡಿಸಿದೆ. ವೈರ್ ಕಂಬದಿಂದ ಕಾಂಪೌಂಡಿಗೆ, ಅಲ್ಲಿಂದ ಮೀಟರ್ ಪಕ್ಕದ ಗೋಡೆಗೆ, ಆಮೇಲೆ ಪೈಪಿನೊಳಗೆ. ಎದುರಿನ ಗೋಡೆಯಲ್ಲಿ ವೈರ್ ಕಾಣುವುದಿಲ್ಲ, ಟೆರೇಸಿಗೆ ಯಾರೂ ಹತ್ತುವುದಿಲ್ಲ, ಕೊರೆದ ತೂತನ್ನು ಸಿಲಿಕೋನ್ ಹಾಕಿ ಮುಚ್ಚಬೇಕು. ಇಷ್ಟನ್ನೂ ಬರೆದು ಕಂಪೆನಿಯ ಸೂಪರ್‌ವೈಸರ್ ಹತ್ತಿರ ಸಹಿ ಹಾಕಿಸಿಕೊಂಡೆ. ಜೂನ್ ಎರಡನೇ ಭಾನುವಾರದ ಮೀಟಿಂಗಿನಲ್ಲಿ ಮಾಸ್ಟ್ರೇ ಆ ಹಾಳೆ ಹಿಡಿದು ಎಲ್ಲರಿಗೂ ವಿವರಿಸಿದರು. ಪೈಪಿನ ಖರ್ಚು 6,300 ರೂಪಾಯಿ. ಏಳು ಮನೆಯವರು ತಲಾ 900 ಹಾಕಿದರು. ಉಳಿದವರು ಈಗ ಬೇಡ ಅಂದರು, ಅಡ್ಡಿ ಮಾಡಲಿಲ್ಲ.

ಅಷ್ಟು ಹೊತ್ತಿಗೆ ಮಳೆ ಹಿಡಿದಾಗಿತ್ತು. ಮಳೆಯಲ್ಲಿ ಕಂಬ ಹತ್ತುವ ಹಾಗಿಲ್ಲ, ಹತ್ತಬಾರದು ಕೂಡ. ಪೈಪ್ ಹಾಕಿ ಮುಗಿಯಿತು, ಆಧಾರ್ ಒಟಿಪಿ ಕೊಟ್ಟಾಯಿತು, ದುಡ್ಡು ಕಟ್ಟಿಯಾಯಿತು. ಪ್ಲಾನ್ 999 ರೂಪಾಯಿ ಅಂತ ಹೇಳಿದ್ದರು. ಶೇಕಡಾ 18 ಜಿಎಸ್‌ಟಿ ಸೇರಿ ಕೈಯಿಂದ ಹೋದದ್ದು 1,179. ಆಟಿ ತಿಂಗಳ ಮಳೆ ಒಂದು ವಾರ ಬಿಡದೆ ಹೊಡೆದು, ಆಗಸ್ಟ್ ಮೊದಲ ವಾರ ಒಂದು ಬೆಳಿಗ್ಗೆ ಬಿಸಿಲು ಬಿತ್ತು. ಒಂಬತ್ತು ಗಂಟೆಗೆ ಇಬ್ಬರು ಹುಡುಗರು ಏಣಿ, ಕೇಬಲ್ ಸುರುಳಿ, ಒಂದು ಹಳದಿ ಪೆಟ್ಟಿಗೆ ಹಿಡಿದು ಬಂದರು.

ಆ ದಿನವನ್ನು ನಾನು ಮರೆಯುವುದಿಲ್ಲ. ಇಬ್ಬರಲ್ಲಿ ದೊಡ್ಡವನು ಪುತ್ತೂರು ಕಡೆಯವನು. ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಟ್ಟ. ನನ್ನ ಮೊದಲ ಪ್ರಶ್ನೆ ಸಿಡಿಲಿನದು.

‘ಅಕ್ಕ, ಗಾಜಿನಲ್ಲಿ ಕರೆಂಟ್ ಹರಿಯುದಿಲ್ಲ. ಆದ್ರೆ ಇದು ನೋಡಿ’ ಅಂತ ಕೇಬಲಿನ ತುದಿ ಸೀಳಿ ತೋರಿಸಿದ. ಕಂಬದಿಂದ ಎಳೆಯುವ ಕಪ್ಪು ಕೇಬಲಿನಲ್ಲಿ ಭಾರ ತಡೆಯಲು ಒಂದು ಸ್ಟೀಲ್ ತಂತಿ ಇರುತ್ತದೆ. ಆ ತಂತಿಯನ್ನು ಮನೆಯೊಳಗೆ ತರಬಾರದು. ಅವನು ಅದನ್ನು ಕಾಂಪೌಂಡ್ ಪಕ್ಕದ ಕೊಕ್ಕೆಗೆ ಬಿಗಿದು ಅಲ್ಲಿಗೇ ಕತ್ತರಿಸಿದ. ನೆಲಮಹಡಿಯ ಪೆಟ್ಟಿಗೆಯಿಂದ ಮೇಲೆ ಬಂದದ್ದು ಬರೀ ತೆಳ್ಳಗಿನ ಬಿಳಿ ಕೇಬಲ್. ಅದರೊಳಗೆ ಲೋಹವೇ ಇಲ್ಲ. ‘ಆದ್ರೂ ಗುಡುಗು ಬಂದ್ರೆ ಅಡಾಪ್ಟರ್ ಪ್ಲಗ್ ತೆಗೀರಿ. ಕರೆಂಟಿನ ಲೈನಿನಲ್ಲಿ ಬರ್ತದಲ್ಲ’ ಅಂತ ಸೇರಿಸಿದ.

ಆಮೇಲೆ ಬೆಸುಗೆ. ನಾನು ಬರೀ ಹಳದಿ ಪೆಟ್ಟಿಗೆ ಅಂದುಕೊಂಡಿದ್ದು ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್. ಕೇಬಲಿನ ಮೇಲಿನ ಪದರ ಸುಲಿದು ಒಳಗಿನ ಎಳೆ ತೆಗೆದಾಗ ಅದು ನನ್ನ ಕಣ್ಣಿಗೆ ಸರಿಯಾಗಿ ಕಾಣಲೇ ಇಲ್ಲ. ಗಾಜಿನ ಎಳೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ ದಪ್ಪ. ಅದರಲ್ಲೂ ಬೆಳಕು ಹೋಗುವ ನಡುವಿನ ಭಾಗ ಸುಮಾರು 9 ಮೈಕ್ರಾನ್ ಮಾತ್ರ. ಅವನು ಸ್ಪಿರಿಟ್ ಹಾಕಿ ಒರೆಸಿದ, ಒಂದು ಸಣ್ಣ ಕಟರಿನಲ್ಲಿ ನೇರವಾಗಿ ಕತ್ತರಿಸಿದ. ಎರಡು ತುದಿಗಳನ್ನು ಮೆಷಿನ್ನಿನಲ್ಲಿಟ್ಟು ಮುಚ್ಚಳ ಹಾಕಿದ. ಪರದೆಯಲ್ಲಿ ಎರಡು ದಪ್ಪ ಕಂಬಗಳ ಹಾಗೆ ಅವು ಎದುರುಬದುರು ಬಂದವು. ಒಂದು ಮಿಣುಕು ಕಿಡಿ. ಎರಡೂ ಒಂದಾಗಿದ್ದವು. ಕತ್ತರಿಸಿ ಬಿದ್ದ ಗಾಜಿನ ಚೂರುಗಳನ್ನು ಅವನು ಒಂದೊಂದಾಗಿ ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿದ. ನೋಡಲು ಬಂದಿದ್ದ ಅಮ್ಮನಿಗೆ ‘ಇಲ್ಲಿ ಬರಿಗಾಲಲ್ಲಿ ಬರ್ಬೇಡಿ ಅಮ್ಮ, ಚುಚ್ಚಿದ್ರೆ ತೆಗೀಲಿಕ್ಕೆ ಸಿಗುದಿಲ್ಲ’ ಅಂದ. ನಾನು ಕೇಬಲಿನ ತುದಿಯನ್ನು ಕಣ್ಣಿನ ಹತ್ತಿರ ತರಲು ಹೋದಾಗ ಕೈ ಅಡ್ಡ ಹಿಡಿದ. ಅದರೊಳಗೆ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಕಾಣುವುದಿಲ್ಲ ಅಂತ ಇಣುಕಬಾರದು.

ಮಧ್ಯಾಹ್ನದ ಹೊತ್ತಿಗೆ ಕೇಬಲ್ ನನ್ನ ಹಾಲ್ ತಲುಪಿತು. ಕಂಪೆನಿಯ ರೌಟರ್ ಪೆಟ್ಟಿಗೆಗೆ ಸಿಕ್ಕಿಸಿದರೆ ಕೆಂಪು ದೀಪ. ಅವನು ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿದ. ಅದರಲ್ಲಿ ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಕೆಳಗಿನ ಪೆಟ್ಟಿಗೆಯಲ್ಲಿ ಮೈನಸ್ 20.6 ಡಿಬಿಎಂ ಇದ್ದದ್ದು ಇಲ್ಲಿ ಮೈನಸ್ 28.9. ‘27ರ ಒಳಗೆ ಇರ್ಬೇಕು ಅಕ್ಕ. ಇದು ಆಗ್ಲಿಕ್ಕಿಲ್ಲ’ ಅಂದ. ಮೂರು ಡಿಬಿ ಕಮ್ಮಿ ಆದರೆ ಬೆಳಕು ಅರ್ಧ ಆದ ಹಾಗೆ. ಎಂಟು ಅಂದರೆ ಆರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಬರೀ 20 ಮೀಟರಿನಲ್ಲಿ ಅಷ್ಟು ಬೆಳಕು ಎಲ್ಲಿ ಹೋಯಿತು?

ಅವನ ಹತ್ತಿರ ಒಂದು ಪೆನ್ನಿನಂಥ ಲೇಸರ್ ಟಾರ್ಚ್ ಇತ್ತು. ಅದನ್ನು ಕೇಬಲಿನ ತುದಿಗೆ ಸಿಕ್ಕಿಸಿ ಒತ್ತಿದ. ಕಣ್ಣಿಗೆ ಕಾಣುವ ಕೆಂಪು ಬೆಳಕು. ನಾವು ಒಂದೊಂದೇ ಮಹಡಿ ಇಳಿಯುತ್ತಾ ಶಾಫ್ಟಿನ ಬಾಗಿಲು ತೆಗೆದು ನೋಡಿದೆವು. ಎರಡನೇ ಮಹಡಿಯ ಬಾಕ್ಸಿನ ಹತ್ತಿರ, ಆ ಕತ್ತಲಲ್ಲಿ, ಬಿಳಿ ಕೇಬಲ್ ಒಂದು ಕಡೆ ಕೆಂಪಗೆ ಹೊಳೆಯುತ್ತಿತ್ತು. ಸಣ್ಣ ಹುಡುಗ ಅಲ್ಲಿ ಕೇಬಲ್ ಟೈಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದ. ಕೇಬಲ್ ಪೈಪಿನ ಅಂಚಿಗೆ ಮಡಚಿಕೊಂಡಿತ್ತು. ಒಳಗೇ ಹೋಗಬೇಕಾದ ಬೆಳಕು ಆ ಮಡಿಕೆಯಲ್ಲಿ ಹೊರಗೆ ಸೋರಿ ಹೋಗುತ್ತಿತ್ತು. ಟೈ ಕತ್ತರಿಸಿ, ಕೇಬಲಿಗೆ ದೊಡ್ಡ ಬಳಸು ಕೊಟ್ಟು ಇಟ್ಟ. ಮೇಲೆ ಬಂದು ನೋಡಿದರೆ ಮೈನಸ್ 21.3. ಹಸಿರು ದೀಪ. ನಾನು ಆ ಸಂಖ್ಯೆಯನ್ನು ರೌಟರಿನ ಕೆಳಗೆ ಪೆನ್ನಿನಲ್ಲಿ ಬರೆದಿಟ್ಟೆ. ಮುಂದೆ ತೊಂದರೆ ಬಂದರೆ ಹೋಲಿಸಲು ಅದೊಂದು ಇದ್ದರೆ ಸಾಕು. ಹಾಕಿಸುವವರೆಲ್ಲ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಹೊರಡುವ ಮೊದಲು ಚಹಾ ಕುಡಿಯುತ್ತಾ ಅವನು ಇನ್ನೊಂದು ವಿಷಯ ಹೇಳಿದ. ಒಂದು ಫೈಬರಿನಲ್ಲಿ ಮನೆಗಳ ಕಡೆಗೆ ಬರುವುದು ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. ಅದನ್ನು ಸ್ಪ್ಲಿಟರಿನಲ್ಲಿ ಒಡೆದು 32 ಅಥವಾ 64 ಮನೆಗೆ ಹಂಚುತ್ತಾರೆ. ಸ್ಪ್ಲಿಟರಿಗೆ ಕರೆಂಟೇ ಬೇಡ, ಅದು ಬರೀ ಬೆಳಕನ್ನು ಪಾಲು ಮಾಡುವ ಗಾಜು. ಅಂದರೆ ಇನ್ನು ಮೇಲೆ ದಾರಿಯ ನಡುವೆ ಯಾರ ಮನೆಯ ಕರೆಂಟಿಗೂ ನಾವು ಕಾಯಬೇಕಿಲ್ಲ. ನಮ್ಮ ಪೆಟ್ಟಿಗೆಗೆ ಒಂದು 12 ವೋಲ್ಟಿನ ಸಣ್ಣ ಯುಪಿಎಸ್ ಇದ್ದರೆ ಆಯಿತು. ಅವತ್ತೇ ಸಂಜೆ ತಂದೆ.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆ. ಪ್ಲಾನ್ 300 ಎಂಬಿಪಿಎಸ್. ನನ್ನ ಕೋಣೆಯ ಮೇಜಿನಲ್ಲಿ ಲ್ಯಾಪ್‌ಟಾಪಿಗೆ ವೈರ್ ಹಾಕಿ ಅಳೆದರೆ 94. ಮರುದಿನ ಬೆಳಿಗ್ಗೆ 94. ರಾತ್ರಿ ಎಂಟಕ್ಕೂ 94. ಹಳೆಯ 4ರ ಎದುರು ಇದು ದೊಡ್ಡದೇ. ಆದರೆ ನಾನು ದುಡ್ಡು ಕೊಟ್ಟದ್ದು 300ಕ್ಕೆ. ಸಹಾಯವಾಣಿಗೆ ಐದು ಸಲ ಫೋನ್ ಮಾಡಿದೆ. ಐದು ಸಲವೂ ‘ರೌಟರ್ ಆಫ್ ಮಾಡಿ ಆನ್ ಮಾಡಿ ಮೇಡಂ’. ಒಂದು ಹಂತದಲ್ಲಿ ನನಗೆ ಮೋಸ ಆಗಿದೆ ಅಂತಲೇ ಅನ್ನಿಸಿತು.

ಆದರೆ ನಾನು ಲೆಕ್ಕದ ಕೆಲಸದವಳು. ಏರುಪೇರಿಲ್ಲದೆ ಒಂದೇ ಕಡೆ ನಿಂತ ಸಂಖ್ಯೆ ಕಂಡರೆ ಅನುಮಾನ ಬರುತ್ತದೆ. ಹೊರಗೆ ಜನಜಂಗುಳಿ ಇದ್ದರೆ ವೇಗ ಹತ್ತಿಳಿಯಬೇಕು. ಹೀಗೆ 94ಕ್ಕೇ ನಿಂತಿದೆ ಅಂದರೆ ಎಲ್ಲೋ ಒಂದು ಕಡೆ ತಡೆ ಇದೆ. ಲ್ಯಾಪ್‌ಟಾಪನ್ನು ಹಾಲಿಗೆ ತಂದು ರೌಟರಿಗೆ ಸಣ್ಣ ವೈರಿನಲ್ಲಿ ಸಿಕ್ಕಿಸಿದೆ. 312! ಹಾಗಾದರೆ ಕಂಪೆನಿಯವರ ತಪ್ಪು ಇಲ್ಲ. ಹಾಲಿನಿಂದ ನನ್ನ ಕೋಣೆಗೆ ಗೋಡೆಯೊಳಗೆ ಹೋದ ವೈರಿನಲ್ಲೇ ಏನೋ ಇದೆ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಸಾಲು ಇರುತ್ತದೆ. ಹಾಲಿನಲ್ಲಿ ಅದು 1000 ತೋರಿಸಿತು, ಕೋಣೆಯಲ್ಲಿ 100. 100ರ ದಾರಿಯಲ್ಲಿ ಲೆಕ್ಕಕ್ಕೆ ಸಿಗದ ಅಲ್ಪಸ್ವಲ್ಪ ಖರ್ಚು ಕಳೆದರೆ ಉಳಿಯುವುದೇ 94.

ಎಲೆಕ್ಟ್ರಿಷಿಯನ್ ಬಂದು ಗೋಡೆಯ ಪ್ಲೇಟ್ ಬಿಚ್ಚಿದರು. ವೈರಿನೊಳಗೆ ಎಂಟು ಎಳೆ. ಹಿಂದೆ ಕೇಬಲ್‌ನವರು ಅದರಲ್ಲಿ ನಾಲ್ಕನ್ನು ಮಾತ್ರ ಜೋಡಿಸಿ, ಉಳಿದ ನಾಲ್ಕನ್ನು ಕತ್ತರಿಸಿ ಬಿಟ್ಟಿದ್ದರು. 100ರ ವೇಗಕ್ಕೆ ನಾಲ್ಕು ಎಳೆ ಸಾಕು. 1000ಕ್ಕೆ ಎಂಟೂ ಬೇಕು. ಆಗಿನ 30ರ ಪ್ಲಾನಿಗೆ ನಾಲ್ಕು ಧಾರಾಳ ಆಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ವೈರಿನ ಮೇಲೆ ಕ್ಯಾಟ್ 5ಇ ಅಂತ ಅಚ್ಚಾಗಿತ್ತು, ಅದು ಗಿಗಾಬಿಟ್ಟಿಗೂ ಆಗುತ್ತದೆ. ಎರಡೂ ತುದಿಗೆ ಎಂಟೆಂಟು ಎಳೆ ಸೇರಿಸಿ ಹೊಸ ಪಿನ್ ಹೊಡೆದರು. ಇಪ್ಪತ್ತು ನಿಮಿಷದ ಕೆಲಸ, ಪಿನ್ನಿನ ಬೆಲೆ ನಲವತ್ತು ರೂಪಾಯಿ. ನನ್ನ ಮೇಜಿನಲ್ಲಿ 309 ಬಂತು.

ಅಮ್ಮನ ಕೋಣೆ ಮಾತ್ರ ಉಳಿಯಿತು. ನಮ್ಮದು ಕೆಂಪುಕಲ್ಲಿನ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಶತ್ರು. 5 ಗಿಗಾಹರ್ಟ್ಸ್‌ನ ವೈಫೈ ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವ ಹೊತ್ತಿಗೆ ಸುಸ್ತು. ಸಿಡಿಲಿಗೆ ಸುಟ್ಟದ್ದರ ಬದಲಿಗೆ ತಂದಿದ್ದ ರೌಟರ್ ಸುಮ್ನೆ ಬಿದ್ದಿತ್ತು. ಅದರ ಸೆಟ್ಟಿಂಗಿನಲ್ಲಿ, ಮನೆಯ ಮೊಬೈಲ್, ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಹಾಲಿನ ರೌಟರಿನಿಂದ ಇನ್ನೊಂದು ವೈರ್ ಎಳೆದು, ಅಮ್ಮನ ಕೋಣೆಯ ಕಪಾಟಿನ ಮೇಲೆ ಇಟ್ಟೆ. ಮುಂದಿನ ಶುಕ್ರವಾರ ತಮ್ಮನ ಮುಖ ನಿಲ್ಲಲಿಲ್ಲ. ಅವನ ಹಿಂದೆ ಗೋಡೆಯಲ್ಲಿ ಇದ್ದ ಕ್ಯಾಲೆಂಡರನ್ನು ಅಮ್ಮ ಅವತ್ತೇ ಮೊದಲ ಸಲ ಓದಿದ್ದು. ‘ಇನ್ನೂ ಜೂನ್ ತಿಂಗಳೇ ಉಂಟಲ್ಲಾ, ಪುಟ ತಿರುಗಿಸ್ಲಿಕ್ಕೆ ಏನು ನಿಂಗೆ?’ ಅಂತ ಬೈದರು. ಅವನು ಎದ್ದು ಹೋಗಿ ತಿರುಗಿಸಿದ. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ಕಣ್ಣು ತುಂಬಿ ಬಂತು.

ಅಕ್ಟೋಬರ್ ಕೊನೆಯಲ್ಲಿ ಮಾಸ್ಟ್ರು ಪೇಪರ್ ಹಿಡಿದು ಬಂದರು. ಕಟ್ಟಡಗಳಲ್ಲಿ ಇಂಟರ್ನೆಟ್, ಮೊಬೈಲ್ ಸೌಕರ್ಯ ಹೇಗಿದೆ ಅಂತ ನೋಡಿ ಸ್ಟಾರ್ ಕೊಡುವ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಂದಿದೆ ಅಂತ ಸುದ್ದಿ ಇತ್ತು. ‘ನಮ್ಮ ಪೈಪ್ ನೋಡಿದ್ರೆ ಒಂದು ಸ್ಟಾರ್ ಆದ್ರೂ ಕೊಡ್ಬೇಕಲ್ಲ?’ ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, ಬಂದ ವಿಷಯ ಹೇಳಿದರು. ಅವರ ಮೊಮ್ಮಗಳು ಇಂಜಿನಿಯರಿಂಗ್ ಓದಲು ಮಂಗಳೂರಿಗೆ ಬರುತ್ತಿದ್ದಾಳೆ, ಅವರಲ್ಲೇ ಇರುತ್ತಾಳೆ. ಮೊದಲ ಮಹಡಿಗೂ ಫೈಬರ್ ಬೇಕು.

‘ಪೈಪಿನಲ್ಲಿ ಜಾಗ ಉಂಟಲ್ಲ?’

ಜಾಗ ಇತ್ತು. ಕೇಬಲ್ ಎಳೆದ ದಿನ ಎಲೆಕ್ಟ್ರಿಷಿಯನ್ ಒಂದು ನೈಲಾನ್ ಹಗ್ಗವನ್ನು ಪೈಪಿನ ಉದ್ದಕ್ಕೂ ಬಿಟ್ಟು, ಎರಡೂ ತುದಿಯನ್ನು ಗಂಟು ಹಾಕಿ ಇಟ್ಟಿದ್ದರು, ಮುಂದಿನವರಿಗೆ ಅಂತ. ಮುಂದಿನ ಶನಿವಾರ ಪುತ್ತೂರಿನ ಹುಡುಗನೇ ಬಂದ. ಕೆಳಗೆ ಅವನು ಹೊಸ ಕೇಬಲನ್ನು ಹಗ್ಗಕ್ಕೆ ಕಟ್ಟಿದ. ಮೊದಲ ಮಹಡಿಯ ಶಾಫ್ಟಿನ ಬಾಗಿಲಲ್ಲಿ ಮಾಸ್ಟ್ರು ನಿಂತು, ‘ಮೆಲ್ಲ, ಮೆಲ್ಲ, ಮಡಚ್ಬಾರ್ದು’ ಅನ್ನುತ್ತಾ ತಾವೇ ಎಳೆದರು.